ಸಾತುವಿನ ಎರಡನೇ ಸೂಟು

ಕಳೆದ ತಿಂಗಳು ಮಸ್ಕತ್ತಿನಿಂದ ದೂರ, ಕಡಲ ತಡಿಯ ಖಸಬಿನಲ್ಲಿ ದೋಣಿ ಹತ್ತಿದ್ದೆವು. ಊರಿಂದ ಬಂದ ನಾದಿನಿ, ಅವಳ ಗಂಡ, ನಮ್ಮವರು ಮತ್ತು ನಾನು. ಡಾಲ್ಫಿನ್ ತೋರಿಸುತ್ತೇವೆ ಎಂದು ಕರೆದುಕೊಂಡು ಹೋಗುವ ಮರದ ದೋಣಿ ಅದು. ಹತ್ತುವಾಗ ಹಿಡಿದ ಕಂಬವನ್ನು ನಾನು ಇಳಿಯುವವರೆಗೂ ಬಿಟ್ಟಿರಲಿಲ್ಲ. ದೋಣಿಯ ಹಿಂದುಗಡೆ, ನೀರಿಗಿಳಿಯುವವರು ತೊಡುವ ಕಪ್ಪು ಸೂಟುಗಳನ್ನು ಬಿಸಿಲಿಗೆ ಹರವಿದ್ದರು. ಗಾಳಿ ತಿರುಗಿದಾಗ ಆ ವಾಸನೆ ನನ್ನ ಮೂಗಿಗೆ ಬಂತು. ಬಿಸಿಯಾದ ಸ್ಪಂಜು, ಅದಕ್ಕೆ ಅಂಟಿದ ಬಟ್ಟೆ, ಸ್ವಲ್ಪ ರಬ್ಬರು. ನಾದಿನಿ "ಅತ್ತಿಗೆ, ಅಗೋ ಡಾಲ್ಫಿನ್!" ಎಂದು ಕೂಗುತ್ತಿದ್ದಳು. ನಾನು ಆ ಕಡೆ ತಿರುಗಲೇ ಇಲ್ಲ. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಗಿತ್ತು.

ಆ ವಾಸನೆಯ ಬಟ್ಟೆಯನ್ನು ನಾನು ಒಂದೇ ಒಂದು ವರ್ಷ ಹೊಲಿದವಳು. ನಾಲ್ಕು ವರ್ಷದ ಹಿಂದಿನ ಮಾತು.

ಮೊದಲೇ ಹೇಳಿಬಿಡುತ್ತೇನೆ, ನಾನು ಮಹಾ ಪುಕ್ಕಲಿ. ಲಿಫ್ಟಿನಲ್ಲಿ ಒಬ್ಬಳೇ ಹೋಗುವುದಿಲ್ಲ. ಮೋಡ ಕಟ್ಟಿದರೆ ವಾದಿಯಲ್ಲಿ, ಅಂದರೆ ಇಲ್ಲಿಯ ಒಣ ಹೊಳೆಯಲ್ಲಿ, ನೀರು ಬಂತು ಎಂದು ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸುತ್ತೇನೆ. "ಹಗ್ಗ ಬಿಡು, ದಾರ ಕಂಡರೂ ಹಾವು ಅಂತ ಓಡುವವಳು, ಟೈಲರ್ ಹೇಗಾದಿ ಮಾರಾಯ್ತಿ?" ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಮದುವೆಯಾಗಿ ಮಸ್ಕತ್ತಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಹೆದರಿಕೆ ಒಂದು ಇಂಚು ಕಮ್ಮಿಯಾಗಿಲ್ಲ. ಇಲ್ಲಿಯ ವಾದಿ ಅದಾಯಿ ಬಡಾವಣೆಯಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿಗಳ ಸಾಲಿನ ಹಿಂದೆ ಹಮೀದಾಕನ ಟೈಲರಿಂಗ್ ಅಂಗಡಿ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ನಾನು ಬೆಳ್ಮಣ್ಣಿನ ಹತ್ತಿರದವಳು. ಅವರು ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ. ಶಾಲೆಯ ಯೂನಿಫಾರ್ಮು, ನರ್ಸುಗಳ ಕೋಟು, ಹೆಂಗಸರ ಬಟ್ಟೆ, ಇಷ್ಟೇ ನಮ್ಮ ಕೆಲಸ.

ಹೆಲಿ ಎಂಬ ಫಿನ್‌ಲ್ಯಾಂಡಿನ ಹೆಂಗಸು ನಮ್ಮ ಗಿರಾಕಿ. ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಎತ್ತರದ ಆಳು, ಮಾತು ಕಡಿಮೆ. ಆ ವರ್ಷ ಅಕ್ಟೋಬರಿನಲ್ಲಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಹೆಸರು ಸಾತು, ವಯಸ್ಸು ಇಪ್ಪತ್ತು. ಅವಳ ಕಂಕುಳಲ್ಲಿ ಒಂದು ಬಟ್ಟೆಯ ಸುರುಳಿ, ಕೈಯಲ್ಲಿ ಕಾಗದದ ಪ್ಯಾಟರ್ನು, ಜೊತೆಗೆ ಒಂದು ಹಳೇ ಸೂಟು. ಬಟ್ಟೆ ಮುಟ್ಟಿ ನೋಡಿದೆ. ಒಳಗೆ ಸ್ಪಂಜಿನ ಪದರ, ಮೇಲೆ ಕೆಳಗೆ ಬನಿಯನ್ನಿನಂಥ ನುಣ್ಣನೆಯ ಬಟ್ಟೆ.

ಇದೆಲ್ಲ ಎಂತಕ್ಕೆ ಎಂದು ಕೇಳಿದ್ದಕ್ಕೆ ಅವಳು ಫೋನು ತೆಗೆದು ವಿಡಿಯೋ ತೋರಿಸಿದಳು. ಹಿಮದ ಗುಡ್ಡ. ಅದರ ನೆತ್ತಿಯಲ್ಲಿ ಒಂದು ಅಡ್ಡಪಟ್ಟಿ, ಅದರ ಮೇಲೆ ಕೂತ ಒಂದು ಜೀವ. ಪಟ್ಟಿ ಬಿಟ್ಟು ಜಾರಿ ಜಾರಿ ಬಂದು, ದಾರಿ ಮುಗಿದಲ್ಲಿಂದ ಗಾಳಿಗೆ ಹಾರಿತು. ಕಾಲಿಗೆ ಕಟ್ಟಿದ ಉದ್ದ ಹಲಗೆಗಳನ್ನು ಅಗಲಿಸಿ, ಮೂಗನ್ನು ಅವಕ್ಕೆ ತಾಗುವಷ್ಟು ಮುಂದೆ ಚಾಚಿ ಮಲಗಿದ ಹಾಗೆ ತೇಲಿತು. ಕೆಳಗೆ ನೆಲ ಎಲ್ಲೋ ಇತ್ತು.

"ಇದು ಯಾರು?"

"ನಾನೇ ಆಂಟಿ," ಎಂದಳು.

ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಹಮೀದಾಕ "ಯಾ ಅಲ್ಲಾ, ಇದಕ್ಕೆ ಮನೆಯಲ್ಲಿ ಬಯ್ಯುವವರು ಇಲ್ಲವಾ?" ಎಂದು ಕನ್ನಡದಲ್ಲಿ ನನ್ನನ್ನು ಕೇಳಿದರು. ಹೆಲಿಗೆ ಕನ್ನಡ ಬರದಿದ್ದರೂ ಮಾತು ಅರ್ಥವಾಯಿತೋ ಏನೋ, ಹೊರಗೆ ಹೋಗಿ ಕಾರಿನ ಹತ್ತಿರ ನಿಂತಳು. ಮಗಳು ಹಾರುವುದನ್ನು ಅವಳು ಒಮ್ಮೆಯೂ ನೋಡಿದವಳಲ್ಲ ಎಂದು ಆಮೇಲೆ ಸಾತುವೇ ಹೇಳಿದಳು.

ನಮ್ಮ ಮಾತೆಲ್ಲ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಅದರಲ್ಲೇ ನನಗೆ ತಿಳಿದದ್ದಿಷ್ಟು. ಸ್ಕೀ ಜಂಪಿಂಗ್ ಎನ್ನುವ ಈ ಆಟದಲ್ಲಿ ದೊಡ್ಡವರದ್ದೊಂದು ಸರಣಿ, ಅದರ ಕೆಳಗೆ ಎರಡನೇ ದರ್ಜೆಯದ್ದೊಂದು. ಎರಡೂ ಅಂತಾರಾಷ್ಟ್ರೀಯವೇ, ಆದರೆ ಟಿವಿಯವರು, ಜನ, ಗೌರವ ಎಲ್ಲ ಮೊದಲನೆಯದಕ್ಕೆ. ಸಾತು ಮೊದಲನೆಯದರಲ್ಲಿ ಇದ್ದವಳು ಮೊಣಕಾಲಿನ ಆಪರೇಷನ್ ಆಗಿ ಎರಡನೆಯದಕ್ಕೆ ಇಳಿದಿದ್ದಳು. ಮೊದಲ ತಂಡಕ್ಕೆ ಸೂಟು ಹೊಲಿದುಕೊಡುವವರು ಇದ್ದಾರೆ. ಎರಡನೆಯದರವರು ತಮ್ಮದನ್ನು ತಾವೇ ನೋಡಿಕೊಳ್ಳಬೇಕು. ಸೂಟು ಮೈಗಿಂತ ಒಂದೆರಡು ಬೆರಳಿನಷ್ಟು ಮಾತ್ರ ಸಡಿಲ ಇರಬಹುದು. ಹೆಚ್ಚಾದರೆ ಗಾಳಿ ತುಂಬಿ ಇನ್ನೂ ದೂರ ಹಾರುತ್ತಾರಂತೆ, ಅದಕ್ಕೇ ಅಳತೆ ನೋಡಿ ಹೊರಗೆ ಹಾಕುತ್ತಾರೆ.

"ಒಳಗೆ ದಪ್ಪ ಮಡಿಕೆ ಬೇಡ ಆಂಟಿ," ಎಂದು ಮೂರು ಸಲ ಹೇಳಿದ್ದಳು. "ಎಡಕ್ಕೂ ಬಲಕ್ಕೂ ಒಂದೇ ಥರ ಇರಬೇಕು. ಗಾಳಿಯಲ್ಲಿ ಇರುವಾಗ ಒಂದು ಬದಿ ಬಿಗಿಯಾದರೆ ಮೈ ತಿರುಗುತ್ತದೆ."

"ತಿರುಗಿದರೆ?"

ಅವಳು ಭುಜ ಕುಣಿಸಿ ನಕ್ಕಳು.

ಮೊದಲ ಸೂಟು ನೀಲಿ. ಅವಳು ಪಕ್ಕದಲ್ಲೇ ಕೂತು ಹೊಲಿಸಿಕೊಂಡಳು. ಹನ್ನೊಂದು ದಿನ ಹಿಡಿಯಿತು. ಮಧ್ಯಾಹ್ನ ನನ್ನ ಬುತ್ತಿಯಿಂದ ನೀರುದೋಸೆ ಕೊಟ್ಟರೆ ಅರ್ಧ ತಿಂದು ಇಡುತ್ತಿದ್ದಳು, ತೂಕ ಏರಬಾರದಂತೆ. ಪಕ್ಕೆಲುಬು ಎಣಿಸಬಹುದಿತ್ತು. ಅಳತೆ ತೆಗೆಯುವಾಗ ನನಗೆ ನಿಜವಾಗಿ ಅಳು ಬಂದಿತ್ತು. ನನಗೆ ಮಕ್ಕಳಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಎರಡನೇ ಸೂಟನ್ನು, ಅಡಚಣೆಗೆ ಒಂದು ಇರಲಿ ಎಂದು, ಉಳಿದ ನೀಲಿ ಬಟ್ಟೆಗೆ ಬೂದು ಬಣ್ಣದ ತುಂಡು ಸೇರಿಸಿ ಹೊಲಿಯಬೇಕಿತ್ತು. ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಆಗ ನಾನು ಆ ಕೆಲಸ ಮಾಡಿದೆ. ನನಗೆ ಹೊಲಿಗೆ ಕಲಿಸಿದ ದೊಡ್ಡಮ್ಮ ಹೇಳುತ್ತಿದ್ದರು, ಬೆಳೆಯುವ ಹುಡುಗಿಯ ರವಿಕೆಗೆ ಒಳಗೆ ಒಂದಿಂಚು ಬಿಡದವಳು ಟೈಲರೇ ಅಲ್ಲ ಎಂದು. ನಾಳೆ ಮೈ ತುಂಬಿದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು, ಬಟ್ಟೆ ದಂಡವಾಗುವುದಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಹೊಲಿಯುವುದು. ಈ ಹುಡುಗಿ ಇವತ್ತಲ್ಲ ನಾಳೆ ಸರಿಯಾಗಿ ಊಟ ಮಾಡಿಯಾಳು, ಆಗ ಸೂಟು ಬಿಗಿಯಾಗಬಾರದು ಎಂದು ಪಕ್ಕೆಯ ಹೊಲಿಗೆಯಲ್ಲಿ ಒಂದಿಂಚು ಒಳಗೆ ಬಿಟ್ಟೆ. ಮೇಲೆ ಪಟ್ಟಿ ಹಾಕಿ ಮುಚ್ಚಿದೆ, ಕಾಣದ ಹಾಗೆ. ಎಡಗಡೆಗೆ ಒಂದಿಂಚು ಸಿಕ್ಕಿತು. ಬಲಗಡೆಗೆ ಬಟ್ಟೆ ಸಾಲದೆ ಅರ್ಧ ಇಂಚಷ್ಟೇ ಸಿಕ್ಕಿತು. ಇರಲಿ, ಒಳಗಿನದ್ದು ಯಾರು ನೋಡುತ್ತಾರೆ ಎಂದುಕೊಂಡೆ. ಹೆಲಿಯ ಸಹೋದ್ಯೋಗಿ ಒಬ್ಬರು ಊರಿಗೆ ಹೋಗುವಾಗ ಒಯ್ದರು. ನಾನು ಅದನ್ನು ಮರೆತೇಬಿಟ್ಟೆ.

ಡಿಸೆಂಬರಿನಲ್ಲಿ ಸ್ಪರ್ಧೆಗಳು ಶುರುವಾದವು. ಇವತ್ತು ನಾರ್ವೆ, ಆಮೇಲೆ ಆಸ್ಟ್ರಿಯಾ, ಮತ್ತೊಂದು ವಾರ ಜರ್ಮನಿ. ಅಲ್ಲಿಯ ಬೆಳಿಗ್ಗೆ ನಮಗೆ ಮಧ್ಯಾಹ್ನ, ಅಂಗಡಿ ಬಾಗಿಲು ಎಳೆದು ಊಟ ಮಾಡುವ ಹೊತ್ತು. ಹಮೀದಾಕ ಫೋನನ್ನು ದಾರದ ಉಂಡೆಗೆ ಒರಗಿಸಿ ಇಡುತ್ತಿದ್ದರು. ನೋಡುವವರು ಲೋಕದಲ್ಲಿ ನೂರು ಜನವೂ ಇರಲಿಕ್ಕಿಲ್ಲ. ಹಿಂದಿನಿಂದ ಯಾವುದೋ ಭಾಷೆಯಲ್ಲಿ ಒಬ್ಬ ನಿದ್ದೆಗಣ್ಣಿನಲ್ಲಿ ಮಾತಾಡುವ ಹಾಗೆ ವಿವರಣೆ ಹೇಳುತ್ತಿದ್ದ. ನಾನು ಸೆರಗು ಬಾಯಿಗೆ ತುರುಕಿಕೊಂಡು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಹಾರಿದ ಕೂಡಲೇ ಎರಡೂ ಕಣ್ಣು ಮುಚ್ಚುತ್ತಿದ್ದೆ.

"ಬಂದಳು ಅಕ್ಕಾ, ನೆಲಕ್ಕೆ ಬಂದಳು, ಕಣ್ಣು ಬಿಡಿ," ಎಂದು ಹಮೀದಾಕ ಹೇಳಬೇಕಿತ್ತು.

ಒಮ್ಮೆ ಬೇರೆ ದೇಶದ ಹುಡುಗಿಯೊಬ್ಬಳು ಬಿದ್ದಳು. ಹಲಗೆ ಒಂದು ಕಡೆ, ಅವಳು ಒಂದು ಕಡೆ. ಉರುಳಿ ಉರುಳಿ ಕೆಳಗೆ ಬಂದು ಅಲ್ಲಾಡದೆ ಮಲಗಿದಳು. ಆಮೇಲೆ ಎದ್ದು ಕೈ ಬೀಸಿದಳು ನಿಜ. ನನಗೆ ಆ ದಿನ ಊಟ ಸೇರಲಿಲ್ಲ. ನಮ್ಮವರು "ನಿನ್ನ ಮಗಳಾ ಅದು?" ಎಂದು ಗದರಿದರು. ಗದರಿದ ಮೇಲೆ ಅವರೇ ಒಂದು ಲೋಟ ಮಜ್ಜಿಗೆ ತಂದಿಟ್ಟರು.

ಸಾತು ಮೊದಲು ಹದಿನಾಲ್ಕನೆಯವಳಾಗಿ ಬಂದಳು, ನಂತರ ಒಂಬತ್ತು, ಜನವರಿಯಲ್ಲಿ ಐದು. ಫೆಬ್ರವರಿಯ ಒಂದು ಶನಿವಾರ ಅವಳ ಪಾಲಿಗೆ ಆಚೆ ಅಥವಾ ಈಚೆ. ಮೊದಲ ಮೂವರಲ್ಲಿ ಬಂದರೆ ಮೊದಲ ತಂಡಕ್ಕೆ ವಾಪಸ್, ಇಲ್ಲದಿದ್ದರೆ ಈ ತಂಡದಿಂದಲೂ ಖಲಾಸ್ ಎಂದು ಅವಳ ಕೋಚು ಹೇಳಿದ್ದ. ಅವಳು ನನಗೆ ಮೆಸೇಜು ಕಳಿಸಿದ್ದಳು, "ದೇವರಿಗೆ ಹೇಳಿ ಆಂಟಿ."

ಆ ಶನಿವಾರ ಹಮೀದಾಕ ಬಟ್ಟೆ ತರಲು ಗಡಿಯ ಊರು ಬುರೈಮಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಸಾತು ಅಡ್ಡಪಟ್ಟಿಗೆ ಬಂದು ಕೂತಳು. ನೋಡುತ್ತೇನೆ, ಮೈಮೇಲೆ ನೀಲಿ ಬೂದು ಸೂಟು! ಎರಡನೆಯದು. ಹಿಂದಿನ ದಿನ ಅಭ್ಯಾಸದಲ್ಲಿ ಬಿದ್ದು ಮೊದಲನೆಯದು ಹರಿದಿತ್ತು, ಅದು ನನಗೆ ಆಮೇಲೆ ಗೊತ್ತಾದದ್ದು. ಜಾರಿದಳು, ಹಾರಿದಳು. ಅವತ್ತು ನನಗೆ ಕಣ್ಣು ಮುಚ್ಚಲು ಆಗಲಿಲ್ಲ. ಗಾಳಿಯಲ್ಲಿ ಅವಳ ಮೈ ಎಡಕ್ಕೆ ವಾಲಿತು. ಒಂದು ಕೈ ಬದಿಗೆ ಬಂದು ಪಟಪಟ ಹೊಡೆದುಕೊಂಡಿತು. ಹೇಗೋ ಸರಿಮಾಡಿಕೊಂಡು ಇಳಿದಳು. ನಾಲ್ಕನೇ ಸ್ಥಾನ. ಇನ್ನೊಂದು ಸುತ್ತು ಉಂಟು, ಮುಕ್ಕಾಲು ಗಂಟೆಯ ನಂತರ.

ಎಡಕ್ಕೆ ಒಂದಿಂಚು, ಬಲಕ್ಕೆ ಅರ್ಧ.

ಕೂತಲ್ಲಿಂದ ಏಳಲು ಆಗಲಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ, ಹಮೀದಾಕನ ಅಂಗಡಿಯ ಹೆಸರು ಹೋಗುತ್ತದೆ, ಹುಡುಗಿಯ ಜಾಗ ಹೋಗುತ್ತದೆ. ಹೇಳದಿದ್ದರೆ? ಸುಳ್ಳು ಹೇಳಲಾರೆ, ಹತ್ತು ನಿಮಿಷ ನಾನು ಸುಮ್ಮನೆ ಕೂತಿದ್ದೆ, ಯಾರಾದರೂ ಬಂದು ನನ್ನ ಬದಲು ಹೇಳಲಿ ಎಂದು. ಹೆಲಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೊನೆಗೆ ಸಾತುವಿಗೇ ಮಾಡಿದೆ. ನಾಲ್ಕನೇ ಸಲ ಎತ್ತಿದಳು. ಹಿಂದಿನಿಂದ ಜನರ ಗಲಾಟೆ.

"ಸಾತು, ಆ ಸೂಟು ಹಾಕಬೇಡ. ನಾನು ತಪ್ಪು ಮಾಡಿದ್ದೇನೆ. ಒಳಗೆ ಬಟ್ಟೆ ಬಿಟ್ಟಿದ್ದೇನೆ, ಎರಡು ಕಡೆ ಒಂದೇ ಥರ ಇಲ್ಲ."

"ಬೆಳಿಗ್ಗೆ ಅಳತೆ ನೋಡಿದರು ಆಂಟಿ. ಸರಿ ಇತ್ತು."

"ಅವರು ಹೊರಗಿನದು ನೋಡಿದ್ದು. ಪಟ್ಟಿಯ ಅಡಿ ಉಂಟು, ಕಾಣುವುದಿಲ್ಲ. ನೀನು ವಾಲಿದ್ದು ನಾನು ನೋಡಿದೆ."

"ಅದು ಗಾಳಿ."

"ಗಾಳಿ ಅಲ್ಲ ಮಗಾ, ನಾನು. ನಿನ್ನ ಕಾಲು ಹಿಡಿಯುತ್ತೇನೆ, ಹಾರಬೇಡ."

ಮಗಾ ಎಂಬುದು ಕನ್ನಡದಲ್ಲೇ ಬಂದಿತ್ತು. "ನನ್ನ ಹತ್ತಿರ ಬೇರೆ ಸೂಟು ಇಲ್ಲ," ಎಂದಳು. ಫೋನು ಇಟ್ಟಳು.

ಎರಡನೇ ಸುತ್ತು ಬಂತು. ಒಬ್ಬೊಬ್ಬರೇ ಹಾರಿದರು. ಅವಳ ಸರದಿ ಬಂದಾಗ ಅಡ್ಡಪಟ್ಟಿ ಖಾಲಿ ಇತ್ತು. ದೀಪ ಹಸಿರಾಯಿತು, ಸ್ವಲ್ಪ ಹೊತ್ತಿಗೆ ಕೆಂಪಾಯಿತು. ಹೆಸರಿನ ಮುಂದೆ ಗೆರೆ ಎಳೆದರು. ನಾನು ದೇವರೇ ದೇವರೇ ಎಂದು ಅಳುತ್ತಾ ಕೈ ಮುಗಿದೆ. ಅವಳ ಬದುಕು ಹಾಳಾದ ಗಳಿಗೆಯಲ್ಲಿ ನಾನು ಖುಷಿಯಿಂದ ಅಳುತ್ತಿದ್ದೆ.

ಸಂಜೆ ಹಮೀದಾಕ ಬುರೈಮಿಯಿಂದ ಬಂದರು. ಬಟ್ಟೆಯ ಥಾನುಗಳನ್ನು ಇಳಿಸುವ ಮೊದಲೇ ಎಲ್ಲ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕೂತರು. ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು.

"ವಾರಿಜಕ್ಕಾ, ಅದನ್ನು ನಾನು ಆಗಲೇ ಸರಿ ಮಾಡಿದ್ದೆ ಅಲ್ವಾ."

"ಎಂತದ್ದು?"

"ನೀವು ಪಾಸ್‌ಪೋರ್ಟಿನ ಕೆಲಸಕ್ಕೆ ರಜೆ ಹಾಕಿದ್ರಲ್ಲ, ಆ ದಿನ. ಕೈಗೆ ದಪ್ಪ ಸಿಕ್ಕಿತು. ಪಟ್ಟಿ ಬಿಚ್ಚಿ ಎರಡೂ ಕಡೆ ಕಾಲಿಂಚಿಗೆ ಕತ್ತರಿಸಿ ವಾಪಸ್ ಹೊಲಿದಿಟ್ಟೆ. ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ."

"ನನಗೆ ಯಾಕೆ ಹೇಳಲಿಲ್ಲ ಮಾರಾಯ್ರೇ?"

"ನಿಮಗೆ ಬೇಜಾರಾಗ್ತದೆ ಅಂತ."

ಹಮೀದಾಕನ ಪದ್ಧತಿಯೇ ಅದು. ಇಸ್ತ್ರಿ ಹಾಕುವ ಮೊದಲು ಪ್ರತಿಯೊಂದು ಬಟ್ಟೆಯನ್ನೂ ತಿರುಗಿಸಿ ನೋಡುತ್ತಾರೆ. ತಪ್ಪಿದ್ದರೆ ತಾವೇ ತಿದ್ದುತ್ತಾರೆ, ಹೊಲಿದವರ ಮುಖಕ್ಕೆ ಹೇಳುವುದಿಲ್ಲ. ಹೇಳದೆ ತಿದ್ದುವ ಆ ದೊಡ್ಡಗುಣವನ್ನು ನಾನೇ ಹತ್ತು ಜನರ ಹತ್ತಿರ ಹೊಗಳಿದವಳು. ಅಂದರೆ ಸೂಟು ಸರಿ ಇತ್ತು. ಅವಳನ್ನು ತಿರುಗಿಸಿದ್ದು ಗಾಳಿಯೇ. ಅವಳ ಜಾಗ ಹೋದದ್ದು ನನ್ನ ಹೆದರಿಕೆಗೆ.

ಮರುದಿನ, ಮಗಳಿಂದ ಸುದ್ದಿ ತಿಳಿದು, ಹೆಲಿ ಅಂಗಡಿಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ತಬ್ಬಿಕೊಂಡಳು. ಆ ಹೆಂಗಸು ಕೈ ಕುಲುಕುವುದೂ ಅಪರೂಪ. "ಹಾರಬೇಡ ಅಂತ ಹೇಳಲು ಹನ್ನೆರಡು ವರ್ಷದಿಂದ ನನಗೆ ಧೈರ್ಯ ಬರಲಿಲ್ಲ. ನೀನು ಹೇಳಿದೆ," ಎಂದಳು. ದಾಲ್ಚಿನ್ನಿ ಹಾಕಿದ ಬನ್ನುಗಳನ್ನು ತಾನೇ ಮಾಡಿ ತಂದಿದ್ದಳು. ಹಮೀದಾಕ ತಲೆ ತಗ್ಗಿಸಿ ಕತ್ತರಿ ಒರೆಸುತ್ತಿದ್ದರು. ನಾನು ಬನ್ನು ತಿಂದೆ, ನಿಜ ಹೇಳಲಿಲ್ಲ. ಆ ತಿಂಗಳಿಡೀ ಹೇಳಲಿಲ್ಲ. ಸಾತುವಿಗೆ ಮೆಸೇಜು ಬರೆಯುವುದು, ಅಳಿಸುವುದು. ಅವಳಿಂದಲೂ ಒಂದಕ್ಷರ ಬರಲಿಲ್ಲ. ಹಿಂದೆ ನಾನು ಅವಳು ಬೀಳುತ್ತಾಳೆ ಎಂದು ಹೆದರುತ್ತಿದ್ದೆ. ಈಗ ಅವಳು ಅಂಗಡಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ ಎಂದು ಹೆದರಿ, ಗಾಜಿನಾಚೆ ಯಾವ ಎತ್ತರದ ಹುಡುಗಿ ಹೋದರೂ ಬೆಚ್ಚುತ್ತಿದ್ದೆ.

ಮಾರ್ಚ್ ಕೊನೆಗೆ ಬಂದೇ ಬಂದಳು. ಬಿಸಿಲು ಆಗಲೇ ಏರಿತ್ತು. ಬಂದವಳು ನಮಸ್ಕಾರವನ್ನೂ ಹೇಳದೆ ನನ್ನ ಮಿಷನ್ನಿನ ಮುಂದಿನ ಕುರ್ಚಿಯಲ್ಲಿ ಕೂತಳು. ಹಮೀದಾಕ ಏನೋ ನೆನಪಾದವರ ಹಾಗೆ ಹೊರಗೆ ಹೋದರು.

ನಾನು ಎಲ್ಲ ಹೇಳಿದೆ. ಒಂದಿಂಚು ಬಿಟ್ಟದ್ದು, ಹಮೀದಾಕ ತಿದ್ದಿದ್ದು, ಹತ್ತು ನಿಮಿಷ ಸುಮ್ಮನಿದ್ದದ್ದು, ಅವಳಮ್ಮನ ಬನ್ನು ತಿಂದದ್ದು. ಅವಳು ಮೇಜಿನ ಮೇಲಿನ ದಾರದ ತುಂಡೊಂದನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿದಳು.

"ಅಂದರೆ ಸೂಟು ಸರಿ ಇತ್ತು."

"ಸರಿ ಇತ್ತು."

"ನಿಮ್ಮ ಫೋನು ಬರುವಾಗ ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ," ಎಂದಳು. "ಏಳಲು ಕಾಲು ಬರುತ್ತಿರಲಿಲ್ಲ. ಹಿಂದಿನ ದಿನ ಬಿದ್ದಾಗಿನಿಂದ ಹಾಗೇ. ಏನಾದರೂ ಆಗಿ ಸ್ಪರ್ಧೆ ನಿಲ್ಲಲಿ ಎಂದು ಬೇಡುತ್ತಿದ್ದೆ. ಆಗ ನೀವು ಫೋನ್ ಮಾಡಿದಿರಿ. ಸೂಟು ಸರಿ ಇಲ್ಲ ಎಂದು ಕೋಚಿಗೆ ಹೇಳಿದೆ. ನನಗೆ ಹೆದರಿಕೆ ಎಂದು ಹೇಳಲಿಲ್ಲ."

ನನಗೆ ಹಗುರ ಆಗಬೇಕಿತ್ತು. ಆಗಲಿಲ್ಲ. ಅಷ್ಟು ದಿನ ನಾನು ಅವಳಿಗಾಗಿ ಹೆದರುತ್ತಿದ್ದೆ, ಅವಳಿಗೇ ಹೆದರಿಕೆ ಉಂಟು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಎದ್ದು ಹೋಗಿ ಅವಳ ತಲೆ ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಇಬ್ಬರೂ ಅತ್ತೆವು.

ಮೂಗು ಒರೆಸಿಕೊಂಡು ಅವಳು ಕೇಳಿದ್ದೇನು ಗೊತ್ತಾ? ಶರತ್ಕಾಲದಲ್ಲಿ ಹೊಸ ಆಯ್ಕೆ ಉಂಟಂತೆ, ಯಾರು ಬೇಕಾದರೂ ಹಾರಬಹುದಂತೆ, ಹೊಸ ಸೂಟು ಬೇಕಂತೆ.

"ನನ್ನಿಂದ ಆಗುವುದಿಲ್ಲ. ಬೇಕಾದರೆ ಮಿಷನ್ ಕೊಡುತ್ತೇನೆ, ನೀನೇ ಹೊಲಿ," ಎಂದೆ.

ಹೊಲಿದಳು. ಹದಿನಾರು ದಿನ ಬಂದಳು. ನಾನು ಪಕ್ಕದಲ್ಲಿ ಕೈ ಕಟ್ಟಿ ಕೂತು, ಸೂಜಿ ಹೀಗೆ ಹಿಡಿ, ಬಟ್ಟೆ ಎಳೆಯಬೇಡ, ತಾನಾಗಿ ಹೋಗಲಿ ಎಂದು ಬಯ್ಯುತ್ತಾ ಕಲಿಸಿದೆ. ಬಿಚ್ಚಿದ್ದೆಷ್ಟು, ಹೊಲಿದದ್ದೆಷ್ಟು! ಕೊನೆಯ ದಿನ ಸೂಟು ತೊಟ್ಟು ಅಂಗಡಿಯ ನಡುವೆ ನಿಂತಳು. ಹೆಲಿ ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಳು. ಆ ಹೊತ್ತಿಗೆ ಸಾತು ಅಮ್ಮನಿಗೆ ಎಲ್ಲ ಹೇಳಿಯಾಗಿತ್ತು.

"ನೋಡಿ ಆಂಟಿ. ಸರಿ ಇದೆಯಾ? ನೀವು ಇಲ್ಲ ಎಂದರೆ ಹಾರುವುದಿಲ್ಲ. ಈ ಸಲ ನೆಪ ಅಲ್ಲ."

ಹೊಲಿಗೆ ಹೊಲಿಗೆಯನ್ನೂ ಬೆರಳಲ್ಲಿ ಹಿಡಿದು ನೋಡಿದೆ. ದೇವರಾಣೆ, ತಪ್ಪು ಸಿಗಲಿ ಎಂದೇ ಹುಡುಕಿದೆ. ಹೆಲಿ ನನ್ನನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡಲಿಲ್ಲ, ಆದರೆ ಅವಳು ಬೇಡುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಒಂದು ಸಣ್ಣ ಸುಳ್ಳು ಸಾಕಿತ್ತು. ಎಡಗಡೆ ಎಳೆಯುತ್ತದೆ ಎಂದರೆ ಮುಗಿಯಿತು.

"ಸರಿ ಉಂಟು," ಎಂದೆ.

ಹೆಲಿ ತಿರುಗಿ ಕಾರಿನ ಕಡೆ ನಡೆದಳು. ಆಮೇಲೆ ಅವಳು ನಮ್ಮ ಅಂಗಡಿಗೆ ಬಟ್ಟೆ ಕೊಟ್ಟಿಲ್ಲ.

ಆ ಶರತ್ಕಾಲದ ಆಯ್ಕೆಯಲ್ಲಿ ತೇರ್ಗಡೆಯಾದ ಸಾತು ಈಗಲೂ ಹಾರುತ್ತಾಳೆ, ಅದೇ ಎರಡನೇ ದರ್ಜೆಯಲ್ಲಿ. ಮೇಲೆ ಹೋಗಿಲ್ಲ, ಕೆಳಗೂ ಬಂದಿಲ್ಲ. ಚಳಿಗಾಲದ ಪ್ರತಿ ಶನಿವಾರ, ಹಾರಿ ಮುಗಿದ ಕೂಡಲೇ ನನಗೊಂದು ಮೆಸೇಜು ಬರುತ್ತದೆ, "ನೆಲಕ್ಕೆ ಬಂದೆ ಆಂಟಿ." ನಾನು ಅದನ್ನು ಆ ಕ್ಷಣವೇ ಹೆಲಿಗೆ ಕಳಿಸುತ್ತೇನೆ. ಅವಳು ಓದುತ್ತಾಳೆ. ಇವತ್ತಿನವರೆಗೆ ಒಂದಕ್ಕೂ ಉತ್ತರ ಕೊಟ್ಟಿಲ್ಲ.